ಹಿಮ ಬೀಳದ ಊರಿನವರು

2024ರ ಫೆಬ್ರವರಿಯಲ್ಲಿ ಲೇಹ್ ಮತ್ತು ಗುಲ್ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಪದಕಪಟ್ಟಿ ನೋಡಿದವರು ಇದು ಮುದ್ರಾರಾಕ್ಷಸನ ಕೈವಾಡವಿರಬೇಕು ಅಂದುಕೊಂಡಿದ್ದರೆ ತಪ್ಪಿಲ್ಲ. ಮೊದಲ ಸ್ಥಾನ ಸೇನೆಗೆ. ಅದು ಸರಿ, ಹಿಮದಲ್ಲಿ ನಿಂತು ಗಡಿ ಕಾಯುವವರು ಅವರು. ಎರಡನೆಯ ಸ್ಥಾನದಲ್ಲಿ ಕರ್ನಾಟಕ, ಮೂರನೆಯದರಲ್ಲಿ ಮಹಾರಾಷ್ಟ್ರ! ಆಗುಂಬೆಯ ಮಳೆಯನ್ನೂ ಕಲಬುರಗಿಯ ಬಿಸಿಲನ್ನೂ ಬಲ್ಲವರು ಒಂದು ಕಡೆ. ಜನವರಿಯ ಬೆಳಗಿನಲ್ಲಿ ಉಷ್ಣತೆ ಹದಿನೈದಕ್ಕಿಳಿದರೆ ಪೆಟ್ಟಿಗೆಯಿಂದ ಸ್ವೆಟರ್ ಹೊರತೆಗೆಯುವ ಮುಂಬಯಿಯವರು ಇನ್ನೊಂದು ಕಡೆ. ಹಿಮಾಚಲ, ಉತ್ತರಾಖಂಡ, ಜಮ್ಮು–ಕಾಶ್ಮೀರಗಳೆಲ್ಲ ಇವರ ಹಿಂದೆ.

ಗುಟ್ಟು ಇರುವುದು ಚಕ್ರದಲ್ಲಿ. ಎರಡೂ ರಾಜ್ಯಗಳ ಪದಕಗಳಲ್ಲಿ ದೊಡ್ಡ ಪಾಲು ಐಸ್ ಸ್ಕೇಟಿಂಗಿನದು. ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟು ಕಟ್ಟಿಕೊಂಡು ಬೆಂಗಳೂರಿನ, ಮುಂಬಯಿಯ, ಪುಣೆಯ ಮಕ್ಕಳು ಸೂರ್ಯ ಹುಟ್ಟುವ ಮೊದಲೇ ರಸ್ತೆಗಿಳಿಯುತ್ತಾರೆ. ಹಿಂದೆ ಸ್ಕೂಟರಿನಲ್ಲಿ ಅಪ್ಪನೋ ಕೋಚೋ ಇರುತ್ತಾರೆ. ಕಾಲಿನ ತಳ್ಳು, ಸೊಂಟದ ಬಾಗು, ತಿರುವಿನಲ್ಲಿ ಒಂದು ಪಾದ ಇನ್ನೊಂದನ್ನು ದಾಟುವ ಲಯ, ಇವು ಚಕ್ರದ ಮೇಲೂ ಬ್ಲೇಡಿನ ಮೇಲೂ ಹೆಚ್ಚುಕಡಿಮೆ ಒಂದೇ. ಲೇಹ್‌ನ ಹೆಪ್ಪುಗಟ್ಟಿದ ಕೆರೆಯ ಮೇಲೆ ಬ್ಲೇಡು ಕಟ್ಟಿಕೊಂಡರೆ ಕೆಲವು ದಿನಗಳಲ್ಲಿ ಮೈ ಒಗ್ಗಿಕೊಳ್ಳುತ್ತದೆ.

ಸ್ಕೀಯಿಂಗ್ ಹಾಗಲ್ಲ. ಅದಕ್ಕೆ ಹಿಮವೇ ಬೇಕು, ಅದೂ ತಿಂಗಳುಗಟ್ಟಲೆ. ಆ ಆಟದಲ್ಲಿ ದಕ್ಷಿಣದವರೊಬ್ಬರು ಮೇಲೆ ಬಂದರೆಂದರೆ ಅದು ಚಕ್ರದ ಲೆಕ್ಕಕ್ಕೆ ಸಿಗುವ ಮಾತಲ್ಲ. 2025ರ ಸೆಪ್ಟೆಂಬರಿನಲ್ಲಿ ಚಿಲಿ ದೇಶದ ಲೊಂಕಿಮಾಯ್ ಜ್ವಾಲಾಮುಖಿಯ ತಪ್ಪಲಿನ ಕೊರಾಲ್ಕೊ ಎಂಬಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಕಂಚು ಗೆದ್ದರು. ಐದು ಕಿಲೋಮೀಟರಿನ ಕ್ರಾಸ್ ಕಂಟ್ರಿ ಸ್ಕೀ ಓಟ. ತೆಗೆದುಕೊಂಡ ಸಮಯ 21 ನಿಮಿಷ ಚಿಲ್ಲರೆ. ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಬಂದ ಮೊದಲ ಅಂತರರಾಷ್ಟ್ರೀಯ ಪದಕವದು.

ಹಾಕಿ ಊರಿನಿಂದ ಹಿಮಕ್ಕೆ

ಭವಾನಿ ಅವರದು ನಾಪೋಕ್ಲು ಸೀಮೆ. ಆ ಹೆಸರು ಕೇಳಿದೊಡನೆ ಕ್ರೀಡಾಪ್ರಿಯರಿಗೆ ನೆನಪಾಗುವುದು ಹಾಕಿ. 2024ರಲ್ಲಿ ಅಲ್ಲಿ ನಡೆದ ಕುಂಡ್ಯೋಳಂಡ ಕಪ್ ಕೊಡವ ಕೌಟುಂಬಿಕ ಹಾಕಿ ಉತ್ಸವದಲ್ಲಿ 360 ಕುಟುಂಬಗಳು ತಂಡ ಕಟ್ಟಿಕೊಂಡು ಆಡಿ ಗಿನ್ನೆಸ್ ದಾಖಲೆಗೆ ಸೇರಿದವು. ಮನೆಮನೆಯಲ್ಲೂ ಹಾಕಿ ಸ್ಟಿಕ್ಕು, ಮನೆಗೊಬ್ಬರಾದರೂ ಸೇನೆಯಲ್ಲಿ ದುಡಿದವರು. ಹೊಳೆ, ಕಾಫಿ ತೋಟ, ಜಡಿಮಳೆ. ಇಲ್ಲದ್ದು ಹಿಮ ಒಂದೇ.

ಹಿಮ ಅವರಿಗೆ ಸಿಕ್ಕಿದ್ದು ಎನ್‌ಸಿಸಿ ದಾರಿಯಲ್ಲಿ. ನಮ್ಮ ದೇಶದಲ್ಲಿ ಪರ್ವತದ ಬಾಗಿಲು ತೆರೆಯುವ ಕೀಲಿಕೈ ಬಹಳ ಮಂದಿಗೆ ಇದೇ. ಕಾಲೇಜಿನ ಖಾಕಿ ಸಮವಸ್ತ್ರ, ಶಿಬಿರ, ಅಲ್ಲಿಂದ ಆಯ್ಕೆಯಾಗಿ ಪರ್ವತಾರೋಹಣ ತರಬೇತಿ, ಅಲ್ಲಿ ಮೊದಲ ಸಲ ಕಾಲಡಿ ಕರಗುವ ಬಿಳಿ ನೆಲ. ಇಷ್ಟು ದೂರ ಬಂದವರಲ್ಲಿ ಹೆಚ್ಚಿನವರು ಫೋಟೋ, ಪ್ರಮಾಣಪತ್ರ ತೆಗೆದುಕೊಂಡು ಮನೆಗೆ ಮರಳುತ್ತಾರೆ. ಭವಾನಿ ಸ್ಕೀಗೆ ಅಂಟಿಕೊಂಡರು. ಖೇಲೋ ಇಂಡಿಯಾ ಕೂಟಗಳಲ್ಲಿ ಗುಲ್ಮಾರ್ಗಿನ ಹಿಮದ ಮೇಲೆ ಕರ್ನಾಟಕಕ್ಕೆ ಮತ್ತೆ ಮತ್ತೆ ಚಿನ್ನ ತಂದುಕೊಟ್ಟರು. 2025ರ ಫೆಬ್ರವರಿಯಲ್ಲಿ ಚೀನಾದ ಹಾರ್ಬಿನ್‌ನಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲೂ ಭಾರತದ ಪರ ಓಡಿದರು.

ಓಡಿದರು ಎಂದೇ ಬರೆಯಬೇಕು. ಸ್ಕೀಯಿಂಗ್ ಎಂದರೆ ಗುಡ್ಡದ ಮೇಲಿಂದ ಸುಯ್ಯೆಂದು ಜಾರುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಕ್ರಾಸ್ ಕಂಟ್ರಿ ಹಾದಿಯಲ್ಲಿ ಜಾರುವ ಇಳಿಜಾರು ಸರಿಸುಮಾರು ಮೂರನೇ ಒಂದು ಪಾಲು. ಇನ್ನೊಂದು ಪಾಲು ಏರು, ಮತ್ತೊಂದು ಪಾಲು ಏರಿಳಿತದ ಬಯಲು. ಸ್ಕೀ ಕಿರಿದು, ಹಗುರ. ಬೂಟಿನ ಮುಂತುದಿ ಮಾತ್ರ ಸ್ಕೀಗೆ ಅಂಟಿಕೊಂಡಿರುತ್ತದೆ, ಹಿಮ್ಮಡಿ ಸಡಿಲ. ಎರಡೂ ಕೈಯ ಕೋಲುಗಳನ್ನು ಹಿಂದಕ್ಕೆ ಊರಿ, ಕಾಲನ್ನು ಪಕ್ಕಕ್ಕೆ ತಳ್ಳಿ, ಮೈಭಾರವನ್ನು ಒಂದು ಸ್ಕೀಯಿಂದ ಇನ್ನೊಂದಕ್ಕೆ ಹೊರಳಿಸುತ್ತ ಏರಬೇಕು. ಕಾಲು, ತೋಳು, ಬೆನ್ನು, ಹೊಟ್ಟೆ, ಮೈಯ ಯಾವ ಭಾಗಕ್ಕೂ ರಜೆಯಿಲ್ಲ. ದೇಹ ಆಮ್ಲಜನಕವನ್ನು ಎಷ್ಟು ಬಳಸಿಕೊಳ್ಳಬಲ್ಲದು ಎಂದು ಪ್ರಯೋಗಾಲಯಗಳಲ್ಲಿ ಅಳೆದಾಗ ಎಲ್ಲ ಕ್ರೀಡೆಗಳ ನಡುವೆ ತುತ್ತತುದಿಯಲ್ಲಿ ಕಾಣಿಸಿಕೊಳ್ಳುವವರು ಈ ಓಟಗಾರರು. ಗೆರೆ ದಾಟಿದ ಕೂಡಲೇ ದೊಪ್ಪನೆ ಹಿಮದ ಮೇಲೆ ಬೀಳುತ್ತಾರಲ್ಲ, ಅದು ನಾಟಕವಲ್ಲ.

ಭವಾನಿ ಪದಕ ಗೆದ್ದ ಬಗೆಯ ಓಟದಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ಅರ್ಧ ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಪಕ್ಕದಲ್ಲಿ ಎದುರಾಳಿ ಇರುವುದಿಲ್ಲ, ಗಡಿಯಾರವೊಂದೇ. ತಾನು ಮುಂದಿದ್ದೇನೋ ಹಿಂದಿದ್ದೇನೋ ಎಂಬುದು ದಾರಿ ಪಕ್ಕದಲ್ಲಿ ನಿಂತು ಕೂಗುವ ಕೋಚಿನ ಬಾಯಿಂದಲೇ ತಿಳಿಯಬೇಕು. ದೊಡ್ಡ ದೇಶಗಳ ತಂಡಗಳು ಹಾದಿಯುದ್ದಕ್ಕೂ ನಾಲ್ಕಾರು ಜನರನ್ನು ನಿಲ್ಲಿಸಿಕೊಂಡಿರುತ್ತವೆ.

ಇನ್ನು ಮೇಣದ ಕಥೆ. ಓಟದ ಹಿಂದಿನ ರಾತ್ರಿ ಸ್ಕೀಯನ್ನು ತಲೆಕೆಳಗಾಗಿ ಮೇಜಿಗೆ ಬಿಗಿದು, ಇಸ್ತ್ರಿಪೆಟ್ಟಿಗೆಗೆ ಮೇಣದ ತುಂಡು ಒತ್ತುತ್ತಾರೆ. ಕರಗಿದ ಹನಿಗಳು ಸ್ಕೀಯ ತಳದುದ್ದಕ್ಕೂ ಸಾಲಾಗಿ ಬೀಳುತ್ತವೆ. ಇಸ್ತ್ರಿ ಎಳೆದು ಹರಡಿ, ಆರಲು ಬಿಟ್ಟು, ಆಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆದು, ಬ್ರಷ್ಷಿನಿಂದ ಉಜ್ಜುತ್ತಾರೆ. ಕೆರೆದ ಮೇಲೆ ಉಳಿಯುವುದು ಕಣ್ಣಿಗೆ ಕಾಣದಷ್ಟು. ಹೊಸ ಕಾವಲಿಯನ್ನು ಪಳಗಿಸುವ ದೋಸೆ ಭಟ್ಟರ ತಾಳ್ಮೆ ಬೇಕು ಇದಕ್ಕೆ. ಹಿಮ ಒದ್ದೆಯೋ ಪುಡಿಯೋ, ಹೊಸದೋ ಹಳೆಯದೋ, ಉಷ್ಣತೆ ಮೈನಸ್ ಎರಡೋ ಹನ್ನೆರಡೋ ಎಂಬುದರ ಮೇಲೆ ಮೇಣ ಬದಲಾಗುತ್ತದೆ. ನಾರ್ವೆಯ ತಂಡ ಇದಕ್ಕೆಂದೇ ಲಾರಿ ತುಂಬ ಸಲಕರಣೆ, ತಜ್ಞರ ದಂಡು ಕಟ್ಟಿಕೊಂಡು ತಿರುಗುತ್ತದೆ. ತಪ್ಪು ಮೇಣ ಹಾಕಿದ ಸ್ಕೀಯಲ್ಲಿ ಜಗತ್ತಿನ ಚಾಂಪಿಯನ್ ಕೂಡ ಹಿಂದುಳಿದದ್ದುಂಟು.

ಚಿಲಿಯೇ ಏಕೆ?

ಸೆಪ್ಟೆಂಬರಿನಲ್ಲಿ ಚಿಲಿಯಲ್ಲಿ ಚಳಿಗಾಲ. ಯುರೋಪಿನ ಹಾದಿಗಳು ಹಸಿರಾಗಿರುವಾಗ ದಕ್ಷಿಣ ಗೋಳಾರ್ಧದಲ್ಲಿ ಹಿಮ ಇರುತ್ತದೆ. ಸ್ಕೀಯಿಂಗ್‌ನಲ್ಲಿ ಒಲಿಂಪಿಕ್ಸ್‌ಗೆ ಹೋಗುವ ದಾರಿ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಅಂಕಗಳ ಮೂಲಕ ಸಾಗುತ್ತದೆ. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಗೆದ್ದವರಿಗಿಂತ ಎಷ್ಟು ಹಿಂದೆ ಬಿದ್ದಿರಿ, ಆ ಓಟದಲ್ಲಿ ಎಂಥೆಂಥವರಿದ್ದರು ಎಂಬ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತಾರೆ. ಒಂದು ಓಟದಲ್ಲಿ ಮಿಂಚಿದರೆ ಸಾಲದು, ಹಲವು ಓಟಗಳ ಸರಾಸರಿ ಬೇಕು. ಹೀಗಾಗಿ ಹಿಮ ಕಡಿಮೆಯಿರುವ ದೇಶಗಳ ಸ್ಕೀ ಪಟುಗಳು ಭೂಪಟ ಹರಡಿಕೊಂಡು, ಎಲ್ಲಿ ಯಾವಾಗ ಓಟವಿದೆ, ಎಲ್ಲಿಗೆ ವೀಸಾ ಬೇಗ ಸಿಕ್ಕೀತು ಎಂದು ಹುಡುಕುತ್ತಾರೆ. ಮನಾಲಿಯ ಆಂಚಲ್ ಠಾಕೂರ್ 2018ರ ಜನವರಿಯಲ್ಲಿ ಭಾರತಕ್ಕೆ ಸ್ಕೀಯಿಂಗ್‌ನ ಮೊಟ್ಟಮೊದಲ ಅಂತರರಾಷ್ಟ್ರೀಯ ಪದಕ ತಂದದ್ದು ಟರ್ಕಿಯ ಎರ್ಜುರಮ್‌ನಿಂದ. ಕಾಶ್ಮೀರದ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ನ ಸ್ಲಾಲಮ್ ಎಂಬ ಇಳಿಜಾರು ಸ್ಪರ್ಧೆಗೆ ಅರ್ಹತೆ ಗಳಿಸಿದ್ದು ಎಲ್ಲಿ ಗೊತ್ತೇ? ದುಬೈಯಲ್ಲಿ, ಮಾಲ್‌ನೊಳಗಿನ ಕೃತಕ ಹಿಮದ ಮೇಲೆ! ಮುಂಬಯಿಯಿಂದ ಮೂರು ಗಂಟೆಯ ವಿಮಾನ. ಹೊರಗೆ ಮರಳುಗಾಡು, ಒಳಗೆ 400 ಮೀಟರ್ ಇಳಿಜಾರು.

ಬೇಸಿಗೆ, ಮಳೆಗಾಲಗಳಲ್ಲಿ ಏನು ಮಾಡುವುದು? ರೋಲರ್ ಸ್ಕೀ ಎಂಬ ಉಪಾಯವಿದೆ. ಸಣ್ಣ ಹಲಗೆಯ ಹಿಂದೆ ಮುಂದೆ ಒಂದೊಂದು ಚಕ್ರ. ಕೋಲಿನ ಚೂಪು ಡಾಂಬರಿಗೆ ಟಕ್ ಟಕ್ ಎಂದು ಕುಟ್ಟುತ್ತದೆ. ಬಹುಪಾಲು ರೋಲರ್ ಸ್ಕೀಗಳಿಗೆ ಬ್ರೇಕಿಲ್ಲ. ನಾರ್ವೆಯಲ್ಲಿ ಇದಕ್ಕೆಂದೇ ನುಣುಪು ಹಾದಿಗಳಿವೆ. ನಮ್ಮಲ್ಲಿ ಹೇಳದೆ ಕೇಳದೆ ಎದುರಾಗುವ ರೋಡ್ ಹಂಪುಗಳು, ಬೀದಿನಾಯಿಗಳು, ತಿರುವಿನಲ್ಲಿ ಎಡಬಲ ನೋಡದ ಟೆಂಪೋಗಳು. ಆರು ಒಲಿಂಪಿಕ್ಸ್ ಕಂಡ ಲ್ಯೂಜ್ ಪಟು ಶಿವ ಕೇಶವನ್ ಹಿಮಾಚಲದ ರಸ್ತೆಯಲ್ಲಿ ಚಕ್ರ ಕಟ್ಟಿದ ಸ್ಲೆಡ್ ಮೇಲೆ ಅಂಗಾತ ಮಲಗಿ, ಲಾರಿ ಕುರಿಮಂದೆಗಳ ನಡುವೆ ನುಗ್ಗುತ್ತ ಅಭ್ಯಾಸ ಮಾಡುತ್ತಿದ್ದ ವಿಡಿಯೋ ನೋಡಿ ಜಗತ್ತು ಬೆರಗಾಯಿತು. ಬೆರಗಾಗುವುದರ ಜೊತೆಗೆ ನಾಚಿಕೆಯೂ ಆಗಬೇಕಿತ್ತು ಎಂದು ನನ್ನ ಅನಿಸಿಕೆ. ಒಲಿಂಪಿಕ್ ಕ್ರೀಡಾಳುವಿಗೆ ಅಭ್ಯಾಸಕ್ಕೆ ಸಿಕ್ಕಿದ್ದು ಹೆದ್ದಾರಿ!

ಸಾವಿನ ಅಂಚಿನಲ್ಲಿ ಸಂಬಳ

ಭವಾನಿ ಮಾಡುವುದು ಸಹನೆಯ ಸ್ಕೀಯಿಂಗ್. ಇದೇ ಮರದ ಹಲಗೆಯ ಸಂತಾನದಲ್ಲಿ ಇನ್ನೊಂದು ಕವಲು ಇದೆ. ಸಿನಿಮಾಕ್ಕೆ, ಪೋಸ್ಟರಿಗೆ, ಪ್ರಾಯೋಜಕರಿಗೆ ಬಲು ಇಷ್ಟವಾದ ಎಕ್ಸ್‌ಟ್ರೀಮ್ ಸ್ಕೀಯಿಂಗ್. ಅದಕ್ಕೆ ನಿಯಮಪುಸ್ತಕವಿಲ್ಲ. ಬಿದ್ದರೆ ಬದುಕುವ ಸಾಧ್ಯತೆ ಇಲ್ಲದಷ್ಟು ಕಡಿದಾದ ಇಳಿಜಾರಿನಲ್ಲಿ ಇಳಿಯುವುದು, ಅಷ್ಟೆ ಅದರ ವ್ಯಾಖ್ಯೆ. ಸಾಮಾನ್ಯವಾಗಿ 45 ಡಿಗ್ರಿಗಿಂತ ಮೇಲೆ. ಕೇಳಲು ಸಣ್ಣ ಸಂಖ್ಯೆ. 50 ಡಿಗ್ರಿಯ ಹಿಮದ ಗೋಡೆಯ ಮೇಲೆ ನೆಟ್ಟಗೆ ನಿಂತು ಪಕ್ಕಕ್ಕೆ ಕೈಚಾಚಿದರೆ ಬೆಟ್ಟದ ಮೈಯೇ ತಾಗುತ್ತದೆ. ಅಲ್ಲಿ ತಿರುಗಲು ಜಾರಿದರೆ ಸಾಲದು, ಎಗರಬೇಕು. ಕೋಲನ್ನು ಕೆಳಗೆ ಊರಿ, ಎರಡೂ ಸ್ಕೀಗಳನ್ನು ಹಿಮದಿಂದ ಮೇಲೆತ್ತಿ, ಗಾಳಿಯಲ್ಲೇ ದಿಕ್ಕು ಬದಲಿಸಿ, ಲೋಹದ ಅಂಚು ಹಿಮಕ್ಕೆ ಕಚ್ಚುವಂತೆ ಇಳಿಯಬೇಕು. ಆಮೇಲೆ ಮತ್ತೊಮ್ಮೆ. ಹೀಗೆ ನೂರಾರು ಸಲ, ಉಸಿರಿಗೆ ಗಾಳಿ ಸಾಲದ ಎತ್ತರದಲ್ಲಿ.

ಈ ಕಲೆಯ ಹಿರಿಯಜ್ಜ ಸ್ವಿಟ್ಜರ್ಲೆಂಡಿನ ಸಿಲ್ವಾಂ ಸೋಡಾಂ. 1936ರಲ್ಲಿ ಹುಟ್ಟಿ, 2024ರ ಜುಲೈಯಲ್ಲಿ ಹಾಸಿಗೆ ಹಿಡಿಯುವ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಸುಬಿನವರಲ್ಲಿ ಇದೇ ಒಂದು ವಿಶೇಷ. 1967ರಲ್ಲಿ ಫ್ರಾನ್ಸಿನ ಶಾಮೊನಿ ಮೇಲಿನ ಸ್ಪೆನ್ಸರ್ ಕೊರಕಲಿನಲ್ಲಿ ಇಳಿದು ಹೆಸರಾದರು. 1977ರಲ್ಲಿ ನಮ್ಮ ಲಡಾಖಿನ 7,135 ಮೀಟರ್ ಎತ್ತರದ ನುನ್ ಶಿಖರದಿಂದ ಇಳಿದರು. 1982ರಲ್ಲಿ ಕಾರಕೋರಂನ ಹಿಡನ್ ಪೀಕ್‌ನ ತುದಿಯಿಂದ ಬುಡದ ತನಕ ಸ್ಕೀಯಲ್ಲೇ ಬಂದು, ಎಂಟು ಸಾವಿರ ಮೀಟರ್ ಮೀರಿದ ಶಿಖರವನ್ನು ಹಾಗೆ ಇಳಿದ ಮೊದಲಿಗರೆನಿಸಿದರು. ಆಮೇಲೆ ಕಾಶ್ಮೀರದ ಮೇಲೆ ಮನಸ್ಸಾಗಿ ಅಲ್ಲಿ ಹೆಲಿಕಾಪ್ಟರಿನಿಂದ ಸ್ಕೀಗಾರರನ್ನು ಶಿಖರಕ್ಕಿಳಿಸುವ ವ್ಯವಹಾರವನ್ನೂ ನಡೆಸಿದರು.

ಸೋಡಾಂಗಿಂತ ದೊಡ್ಡ ಸದ್ದು ಮಾಡಿದವರು ಜಪಾನಿನ ಯುಯಿಚಿರೊ ಮಿಯೂರಾ. 1970ರ ಮೇ 6ರಂದು ಎವರೆಸ್ಟಿನ ಸೌತ್ ಕೋಲ್‌ನಿಂದ, ಅಂದರೆ ಸುಮಾರು 8,000 ಮೀಟರ್ ಎತ್ತರದಿಂದ, ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಹೊರಟರು. ವೇಗ ತಗ್ಗಿಸಲೆಂದು ತಂದ ಪ್ಯಾರಾಚೂಟ್ ತೆಳುಗಾಳಿಯಲ್ಲಿ ಕೆಲಸಕ್ಕೆ ಬರಲಿಲ್ಲ. ಎರಡು ನಿಮಿಷ ಚಿಲ್ಲರೆಯ ಓಟದ ಕೊನೆಗೆ ಬಿದ್ದು, ನೂರಾರು ಮೀಟರ್ ಉರುಳುತ್ತ ಹೋಗಿ, ಬಾಯ್ದೆರೆದ ಹಿಮಕಂದಕಕ್ಕೆ ಸುಮಾರು 75 ಮೀಟರ್ ದೂರದಲ್ಲಿ ನಿಂತರು. ಆ ಸಾಹಸದ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಅದೇ ಯಾತ್ರೆಯಲ್ಲಿ ಖುಂಬು ಹಿಮಪ್ರವಾಹದಲ್ಲಿ ಸಾಮಾನು ಹೊತ್ತಿದ್ದ ಆರು ಶೆರ್ಪಾಗಳು ಸತ್ತರು. ಆಸ್ಕರಿನ ಸುದ್ದಿ ಹೇಳುವವರು ಆ ಆರು ಮಂದಿಯನ್ನು ನೆನೆಯುವುದು ಅಪರೂಪ.

ಎವರೆಸ್ಟಿನ ನೆತ್ತಿಯಿಂದ ಬೇಸ್ ಕ್ಯಾಂಪಿನವರೆಗೆ ಸ್ಕೀ ಕಳಚದೆ ಇಳಿದವರು ಸ್ಲೊವೇನಿಯಾದ ದಾವೋ ಕಾರ್ನಿಚಾರ್, 2000ದ ಅಕ್ಟೋಬರಿನಲ್ಲಿ. ಆ ಪರ್ವತದಿಂದ ಬದುಕಿ ಬಂದವರು 2019ರಲ್ಲಿ ಮನೆಯ ಹತ್ತಿರ ಮರ ಕಡಿಯುವಾಗ ತೀರಿಕೊಂಡರು. ಪೋಲೆಂಡಿನ ಆಂದ್ರೆಜ್ ಬಾರ್ಗಿಯೆಲ್ 2018ರಲ್ಲಿ ಕೆ2ನಿಂದ, 2025ರ ಸೆಪ್ಟೆಂಬರಿನಲ್ಲಿ ಕೃತಕ ಆಮ್ಲಜನಕವಿಲ್ಲದೆ ಎವರೆಸ್ಟಿನಿಂದ ಇಳಿದರು. ಅಮೆರಿಕದ ಹಿಲರಿ ನೆಲ್ಸನ್ 2017ರಲ್ಲಿ ನಮ್ಮ ಹಿಮಾಚಲದ ಪಾಪ್ಸುರಾ ಶಿಖರವನ್ನು ಸ್ಕೀಯಲ್ಲಿ ಇಳಿದರು, ಮರುವರ್ಷ ಲ್ಹೋತ್ಸೆಯನ್ನು. 2022ರ ಸೆಪ್ಟೆಂಬರ್ 26ರಂದು ನೇಪಾಳದ ಮನಸ್ಲು ಶಿಖರದಿಂದ ಇಳಿಯುತ್ತಿದ್ದಾಗ ಪ್ರಾಣ ಬಿಟ್ಟರು.

ಇವರಿಗೆ ಹಣ ಎಲ್ಲಿಂದ? ಬಹುಮಾನದಿಂದಂತೂ ಅಲ್ಲ. ಪಾನೀಯ, ಜಾಕೆಟ್, ಬೂಟು, ಕ್ಯಾಮೆರಾ ಮಾರುವ ಕಂಪನಿಗಳಿಂದ. ಅವರಿಗೆ ಬೇಕಾದ್ದು ಚಿತ್ರ. ಬಾರ್ಗಿಯೆಲ್ ಇಳಿಯುವಾಗ ತಲೆಯ ಮೇಲೆ ಡ್ರೋನ್ ಹಾರುತ್ತಿತ್ತು. ಹಿಮಪ್ರವಾಹದ ನಡುವೆ ದಾರಿ ತೋರಿಸಲೂ ಅದೇ, ಚಿತ್ರ ತೆಗೆಯಲೂ ಅದೇ.

ಗುಲ್ಮಾರ್ಗ್: ಸಿನಿಮಾ ಬೇರೆ, ಬೆಟ್ಟ ಬೇರೆ

ಮುಂಬಯಿಗೆ ಗುಲ್ಮಾರ್ಗ್ ಹೊಸತಲ್ಲ. ‘ಬಾಬಿ’ಯ ಮನೆ, ‘ಆಪ್ ಕೀ ಕಸಮ್’ ಹಾಡಿನ ಶಿವಾಲಯ ಎರಡೂ ಅಲ್ಲಿಯವೇ. ‘ಬಾಬಿ’ಯ ಮನೆಯನ್ನು ಇವತ್ತಿಗೂ ಗೈಡುಗಳು ಬೆರಳು ಮಾಡಿ ತೋರಿಸುತ್ತಾರೆ. ಅಂಧೇರಿಯ ಸ್ಟುಡಿಯೋಗಳಿಂದ ಹೊರಟ ಕ್ಯಾಮೆರಾಗಳು ದಶಕಗಳ ಕಾಲ ಆ ಹಿಮದ ಮೇಲೆ ನಾಯಕಿಯರ ಸೀರೆ ಹಾರಿಸಿದವು. ಪಕ್ಕದ ಇಳಿಜಾರಿನಲ್ಲೇ ಸ್ಕೀ ಕಲಿಯುತ್ತಿದ್ದ ಹುಡುಗರ ಕಡೆಗೆ ತಿರುಗಿದ್ದು ಕಡಿಮೆ. ಅಲ್ಲಿ ಸ್ಕೀ ಕ್ಲಬ್ ಹುಟ್ಟಿದ್ದು 1927ರಲ್ಲಿ, ಬ್ರಿಟಿಷರ ಕೈಯಲ್ಲಿ.

ಈಗ ಮುಂಬಯಿಯಿಂದ ಶ್ರೀನಗರಕ್ಕೆ ವಿಮಾನ, ಅಲ್ಲಿಂದ ಟಂಗ್‌ಮಾರ್ಗ್. ಚಳಿಗಾಲದಲ್ಲಿ ಅಲ್ಲಿ ಕಾರಿನ ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತಿಕೊಂಡು ಮೇಲೇರಬೇಕು. ಗುಲ್ಮಾರ್ಗ್ ಇರುವುದು 2,650 ಮೀಟರಿನಲ್ಲಿ. ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ ಕೊಂಗ್‌ಡೂರಿಗೆ, ಎರಡನೆಯದು ಅಫರ್ವಾಟ್ ಬೆಟ್ಟದ ಹೆಗಲಿಗೆ, ಹತ್ತಿರ ಹತ್ತಿರ ನಾಲ್ಕು ಸಾವಿರ ಮೀಟರಿಗೆ. ಹೊಸಬರು ಕೆಳಗಿನ ಬಯಲಿನಲ್ಲೇ ಉಳಿಯುತ್ತಾರೆ. ಬಾಡಿಗೆಯ ಗಟ್ಟಿ ಪ್ಲಾಸ್ಟಿಕ್ ಬೂಟಿಗೆ ಕಾಲು ತುರುಕಿ ಬಕಲ್ ಬಿಗಿದರೆ ಕಣಕಾಲು ಬಾಗುವುದೇ ಇಲ್ಲ. ನಡಿಗೆ ಯಕ್ಷಗಾನದ ರಾಕ್ಷಸ ವೇಷದ್ದು. ಮೊದಲ ಪಾಠ ಬೀಳುವುದು ಹೇಗೆ, ಬಿದ್ದಮೇಲೆ ಏಳುವುದು ಹೇಗೆ ಎಂಬುದು. ಎರಡನೆಯದು ಸ್ಕೀಗಳ ಮುಂತುದಿ ಕೂಡಿಸಿ ಹಿಂಬದಿ ಅಗಲಿಸಿ ನಿಲ್ಲುವ ಉಪಾಯ. ಮುಂಬಯಿಯಿಂದ ವಾರದ ರಜೆಗೆ ಹೋಗುವವರಲ್ಲಿ ಅನೇಕರಿಗೆ ಮೂರನೆಯ ಪಾಠ ಬರುವಷ್ಟರಲ್ಲಿ ವಾಪಸು ಟಿಕೆಟಿನ ದಿನ ಬಂದಿರುತ್ತದೆ.

ಅಫರ್ವಾಟ್ ಮೇಲಿನ ಹಿಮ ಮಾತ್ರ ಬೇರೆ ಜಾತಿ. ಯಂತ್ರ ಹಾಯಿಸಿ ಸಮ ಮಾಡಿದ ಹಾದಿ ಅಲ್ಲಿಲ್ಲ, ಇದ್ದದ್ದು ಇದ್ದ ಹಾಗೆ. ಅದಕ್ಕೇ ಯುರೋಪಿನ, ರಷ್ಯಾದ ಸ್ಕೀಗಾರರು ಹುಡುಕಿಕೊಂಡು ಬರುತ್ತಾರೆ. ಅದಕ್ಕೇ ಸಾಯುವುದೂ ಉಂಟು. 2010ರ ಫೆಬ್ರವರಿಯಲ್ಲಿ ಖಿಲನ್‌ಮಾರ್ಗಿನಲ್ಲಿ ತರಬೇತಿಯಲ್ಲಿದ್ದ 17 ಸೈನಿಕರು ಹಿಮಕುಸಿತಕ್ಕೆ ಸಿಕ್ಕಿ ಸತ್ತರು. 2023ರ ಫೆಬ್ರವರಿ 1ರಂದು ಪೋಲೆಂಡಿನ ಇಬ್ಬರು. 2024ರ ಫೆಬ್ರವರಿ 22ರಂದು, ಕೆಳಗೆ ಖೇಲೋ ಇಂಡಿಯಾ ಕೂಟ ನಡೆಯುತ್ತಿದ್ದಾಗಲೇ, ಮೇಲೆ ರಷ್ಯಾದ ಒಬ್ಬರು.

ಹಿಮಕುಸಿತಕ್ಕೆ ತೀರಾ ಕಡಿದಾದ ಗೋಡೆಯೇ ಬೇಕೆಂದಿಲ್ಲ. ಅಪಾಯ ಹೆಚ್ಚಿರುವುದು 30ರಿಂದ 45 ಡಿಗ್ರಿಯ ನಡುವೆ, ಸ್ಕೀಗೆ ಹೇಳಿಮಾಡಿಸಿದಂತಿರುವ ಇಳಿಜಾರಿನಲ್ಲೇ. ಹಳೆಯ ಹಿಮದ ಸಡಿಲ ಪದರದ ಮೇಲೆ ಹೊಸ ಹಿಮ ಚಪ್ಪಡಿಯಂತೆ ಕೂತಿರುತ್ತದೆ. ಒಬ್ಬ ಸ್ಕೀಗಾರನ ಭಾರ ಬಿದ್ದರೆ ಸಾಕು, ಚಪ್ಪಡಿಗೆ ಚಪ್ಪಡಿಯೇ ಬಿರಿದು ಹೊರಡುತ್ತದೆ. ಹೂತುಹೋದವರನ್ನು ಸುಮಾರು ಹದಿನೈದು ನಿಮಿಷದೊಳಗೆ ಅಗೆದು ತೆಗೆದರೆ ಬಹುಪಾಲು ಬದುಕುತ್ತಾರೆ. ಆಮೇಲೆ ಆಸೆ ಭರ್ರನೆ ಇಳಿಯುತ್ತದೆ. ಹೊರಗಿನ ರಕ್ಷಣಾ ತಂಡ ಬರುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಹಾಗಾಗಿ ಜೊತೆಗಿದ್ದವರೇ ಕಾಪಾಡಬೇಕು: ಮೈಗೆ ಕಟ್ಟಿಕೊಂಡ ಸಂಕೇತಯಂತ್ರ, ಚುಚ್ಚಿ ಹುಡುಕುವ ಉದ್ದನೆಯ ಸರಳು, ಮಡಚುವ ಸಲಿಕೆ. ಈ ಮೂರಿಲ್ಲದೆ ಎರಡನೆಯ ಹಂತಕ್ಕೆ ಹೋಗುವುದು ಧೈರ್ಯವಲ್ಲ, ಮೂರ್ಖತನ.

ಈಗೀಗ ಇನ್ನೊಂದು ಭಯ: ಹಿಮವೇ ಬಾರದಿರುವುದು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬೋಳಾಗಿತ್ತು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾದ ಗುಲ್ಮಾರ್ಗ್ ಹಂತವನ್ನು ಫೆಬ್ರವರಿಯಿಂದ ಮಾರ್ಚ್‌ಗೆ ಮುಂದೂಡಬೇಕಾಯಿತು. ಹಿಮ ಬೀಳದ ಊರಿನವರ ಕಷ್ಟ ಏನೆಂದು ಹಿಮದ ಊರಿನವರಿಗೂ ತಿಳಿಯತೊಡಗಿದೆ.

ಮುಂಬಯಿಯ ಪಾಲು

ಕುರ್ಲಾದ ಮಾಲ್‌ವೊಂದರೊಳಗೆ ಮುಂಬಯಿಗೂ ಹಿಮವಿದೆ. ಟಿಕೆಟಿನ ಜೊತೆ ಜಾಕೆಟ್, ಕೈಗವಸು, ಬೂಟು ಕೊಡುತ್ತಾರೆ. ಮಕ್ಕಳು ಹಿಮ ಎರಚಾಡುತ್ತಾರೆ, ತಂಪಿಗೆ ಹಲ್ಲು ಕಟಕಟ ಎನ್ನುವಾಗ ಹೊರಗೋಡುತ್ತಾರೆ. ಹೊರಬಂದ ಕ್ಷಣವೇ ಮುಂಬಯಿಯ ಸೆಕೆ ಕನ್ನಡಕದ ಮೇಲೆ ಆವಿಯಾಗಿ ಕೂರುತ್ತದೆ. ಚೆನ್ನಾಗಿದೆ. ಆದರೆ ಅಲ್ಲಿಂದ ಸ್ಕೀ ಪಟು ಹುಟ್ಟಲಾರ. ಇಳಿಜಾರು ದುಬೈಯಷ್ಟೂ ಇಲ್ಲ.

ಸಾಹಸದ ಹಸಿವಿಗೆ ಮುಂಬಯಿಯಲ್ಲಿ ಬರವಿಲ್ಲ. ಶನಿವಾರ ರಾತ್ರಿಯ ಕೊನೆಯ ಕಸಾರಾ, ಕರ್ಜತ್ ಲೋಕಲ್‌ಗಳಲ್ಲಿ ಹಗ್ಗ, ಹೆಲ್ಮೆಟ್ ಹೊತ್ತವರು ಕಾಲು ಚಾಚಿ ಮಲಗಿರುತ್ತಾರೆ. ಬೆಳಗಾದರೆ ಅವರು ಖಂಡಾಲಾದ ನಾಗಫಣಿಯಲ್ಲೋ ಹರಿಶ್ಚಂದ್ರಗಡದ ಕೊಂಕಣಕಡಾದ ಅಂಚಿನಲ್ಲೋ ನೇತಾಡುತ್ತಿರುತ್ತಾರೆ. 1954ರಿಂದ ನಡೆಯುತ್ತಿರುವ ಗಿರಿವಿಹಾರ್ ಸಂಸ್ಥೆ 2016ರಲ್ಲಿ ನವಿ ಮುಂಬಯಿಗೆ ಬಂಡೆ ಹತ್ತುವ ವಿಶ್ವಕಪ್ಪನ್ನೇ ತಂದಿತು. ಕಲ್ಲಿನ ಮೇಲೆ ಇಷ್ಟು ಮಾಡಿದವರಿಗೆ ಹಿಮ ಮಾತ್ರ ದೂರ, ಮತ್ತು ದುಬಾರಿ.

ಮುಂಬಯಿಯ ನಿಜವಾದ ಪಾಲು ಇರುವುದು ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳಲ್ಲಿ. ಆರಿಫ್ ಖಾನ್ ಕಥೆ ನೋಡಿ. ಟಂಗ್‌ಮಾರ್ಗಿನ ಹುಡುಗ, ತಂದೆಗೆ ಗುಲ್ಮಾರ್ಗಿನಲ್ಲಿ ಸ್ಕೀ ಅಂಗಡಿ. ನಾಲ್ಕನೇ ವಯಸ್ಸಿಗೆ ಸ್ಕೀ ಮೇಲೆ ನಿಂತವರು 2018ರ ಒಲಿಂಪಿಕ್ಸ್ ತಪ್ಪಿಸಿಕೊಂಡದ್ದು ಹಣದ ಕೊರತೆಯಿಂದ. ಜನರಿಂದ ದೇಣಿಗೆ ಎತ್ತಿದರೂ ಸಾಲಲಿಲ್ಲ. ಬೀಜಿಂಗ್ ಹೊತ್ತಿಗೆ ಮುಂಬಯಿಯ ಜೆಎಸ್‌ಡಬ್ಲ್ಯು ಸಂಸ್ಥೆ ಕೈಹಿಡಿಯಿತು, ಕೇಂದ್ರ ಸರ್ಕಾರ 17 ಲಕ್ಷ ರೂಪಾಯಿಗೂ ಮೇಲ್ಪಟ್ಟು ಕೊಟ್ಟಿತು. ಬಳ್ಳಾರಿಯ ಕಬ್ಬಿಣದಲ್ಲಿ ಬೆಳೆದ ಕಂಪನಿಯೊಂದರ ನೆರವು ಕಾಶ್ಮೀರದ ಹುಡುಗನ ಸ್ಕೀಗೆ! ಆ ಒಲಿಂಪಿಕ್ಸ್‌ನಲ್ಲಿ ಭಾರತದಿಂದ ಹೋದವರು ಅವರೊಬ್ಬರೇ. ಜೈಂಟ್ ಸ್ಲಾಲಮ್‌ನಲ್ಲಿ 45ನೇ ಸ್ಥಾನ. ಅಂಕಿ ನೋಡಿ ಮೂಗು ಮುರಿದವರಿದ್ದರು. ಸುರಿಯುವ ಹಿಮದ ನಡುವೆ ಅಂದು ಓಟ ಮುಗಿಸಲಾರದೆ ಹೊರಬಿದ್ದವರ ಪಟ್ಟಿ ಎಷ್ಟು ಉದ್ದವಿತ್ತೆಂದು ಅವರು ನೋಡಿರಲಿಲ್ಲ.

ಗೆದ್ದು ಬಂದವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುವುದರಲ್ಲಿ ನಾವು ಎತ್ತಿದ ಕೈ, ಮುಂಬಯಿಯ ಕನ್ನಡಿಗರಂತೂ ಇನ್ನೂ ಒಂದು ಕೈ ಮೇಲೆ. ಗೆಲ್ಲಲು ಹೊರಟವರಿಗೆ ವಿಮಾನದ ಟಿಕೆಟ್ ಕೊಡಿಸುವುದರಲ್ಲಿ ಮಾತ್ರ ಅಷ್ಟಕ್ಕಷ್ಟೆ. ಎಕ್ಸ್‌ಟ್ರೀಮ್ ಸ್ಕೀಗಾರನಿಗೆ ಪ್ರಾಯೋಜಕ ಸಿಗುವುದು ಎದೆ ಝಲ್ಲೆನ್ನಿಸುವ ಚಿತ್ರ ಸಿಗುತ್ತದೆಂದು. ಐದು ಕಿಲೋಮೀಟರ್ ಏದುಸಿರು ಬಿಡುತ್ತ ಓಡುವ ಹೆಣ್ಣುಮಗಳ ಚಿತ್ರ ಜಾಹೀರಾತಿಗೆ ಅಷ್ಟು ಒದಗುವುದಿಲ್ಲ. ನನ್ನನ್ನು ಕೇಳಿದರೆ ಇವೆರಡರಲ್ಲಿ ಹೆಚ್ಚು ಕಠಿಣವಾದದ್ದು ಎರಡನೆಯದು. ಮೊದಲನೆಯದಕ್ಕೆ ಕೆಲವು ನಿಮಿಷಗಳ ಎದೆಗಾರಿಕೆ ಬೇಕು, ಹಿಂದೆ ಹುಟ್ಟಿನಿಂದ ಬಂದ ಹಿಮದ ನಂಟಿರುತ್ತದೆ. ಎರಡನೆಯದಕ್ಕೆ ಬೇಕಾದ್ದು ವರ್ಷಗಟ್ಟಲೆ ವೀಸಾ ಕಚೇರಿ, ಬಾಡಿಗೆ ಕೋಣೆ, ಅಪರಿಚಿತ ಊಟ, ತಾನೇ ಉಜ್ಜಿಕೊಂಡ ಮೇಣ.

2026ರ ಫೆಬ್ರವರಿಯಲ್ಲಿ ಇಟಲಿಯ ಮಿಲಾನೊ–ಕೊರ್ಟಿನಾ ಒಲಿಂಪಿಕ್ಸ್‌ಗೆ ಭಾರತದಿಂದ ಹೋದವರು ಇಬ್ಬರು ಗಂಡಸರು: ಆರಿಫ್ ಖಾನ್ ಮತ್ತು ಕ್ರಾಸ್ ಕಂಟ್ರಿಯ ಸ್ಟಾನ್‌ಜಿನ್ ಲುಂಡುಪ್. ಚಳಿಗಾಲದ ಒಲಿಂಪಿಕ್ಸ್ ಸ್ಕೀಯಿಂಗ್‌ಗೆ ಭಾರತದಿಂದ ಈತನಕ ಹೋದ ಹೆಣ್ಣುಮಕ್ಕಳು 1988ರ ಶೈಲಜಾ ಕುಮಾರ್ ಮತ್ತು 2006ರ ನೇಹಾ ಅಹುಜಾ. ಇಬ್ಬರೂ ಆಲ್ಪೈನ್, ಅಂದರೆ ಇಳಿಜಾರಿನ ಸ್ಕೀಯವರು. ಕ್ರಾಸ್ ಕಂಟ್ರಿಯಲ್ಲಿ ಆ ಸ್ಥಾನ ಖಾಲಿಯೇ ಇದೆ. ಮುಂದಿನದು 2030ರಲ್ಲಿ, ಫ್ರಾನ್ಸಿನ ಆಲ್ಪ್ಸ್‌ನಲ್ಲಿ. ಆ ಹೊತ್ತಿಗೆ ಭವಾನಿ ಅವರಿಗೆ ಮೂವತ್ತು ದಾಟಿರುತ್ತದೆ. ಈ ಆಟದಲ್ಲಿ ಅದು ವಯಸ್ಸೇ ಅಲ್ಲ. ನಾರ್ವೆಯ ಮಾರಿತ್ ಬ್ಯೋರ್ಗೆನ್ 2018ರಲ್ಲಿ ಒಲಿಂಪಿಕ್ಸ್‌ನ ಕೊನೆಯ ದಿನ 30 ಕಿಲೋಮೀಟರ್ ಚಿನ್ನ ಗೆದ್ದಾಗ ಆಕೆಗೆ 37. ಅರ್ಹತೆಯ ಅಂಕಗಳ ಲೆಕ್ಕ ಕೂಟಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ. ಕೊಡಗಿನಲ್ಲಿ ಜಡಿಮಳೆ ಹಿಡಿಯುವ ಜೂನ್, ಜುಲೈಯಲ್ಲಿ ಚಿಲಿಯ ಹಾದಿಗಳಿಗೆ ಹಿಮ ಬೀಳುತ್ತದೆ. ಸ್ಯಾಂಟಿಯಾಗೊಗೆ ಟಿಕೆಟ್ ತೆಗೆಸುವವರು ಅದಕ್ಕೂ ಮೊದಲೇ ತೆಗೆಸಬೇಕು.